ಪುಟ್ಟ ಹೈಬ್ರಿಡ್ ಪಿಕಪ್‌ಗೆ ಟ್ರೈಲರ್ ಕಟ್ಟಿ ಬೆಟ್ಟ ಹತ್ತಿಸಬಹುದಾ?

ಸರಸ್ವತಿಪುರಂ ಸವಾರ

ಎಲ್ಲರಿಗೂ ನಮಸ್ಕಾರ. ರಸ್ತೆ ನಮ್ಮೂರಿನದ್ದಲ್ಲ, ಆದರೆ ಘಾಟಿ ಬಲ್ಲವರು ಇಲ್ಲಿ ಜಾಸ್ತಿ ಇದ್ದೀರಿ ಅಂತ ಕೇಳುತ್ತಿದ್ದೇನೆ.

ನನ್ನ ತಮ್ಮ ಅಮೆರಿಕದ ಡೆನ್ವರ್‌ನಲ್ಲಿದ್ದಾನೆ. ಅವನ ಹತ್ತಿರ ಫೋರ್ಡ್ ಮ್ಯಾವರಿಕ್ ಹೈಬ್ರಿಡ್ ಪಿಕಪ್ ಇದೆ. ಪೆಟ್ರೋಲ್ ಇಂಜಿನ್ ಜೊತೆಗೆ ಬ್ಯಾಟರಿ ಮೋಟರೂ ಇರುವ ಗಾಡಿ. 2023ರ ಮಾಡೆಲ್, ಮುಂದಿನ ಚಕ್ರಕ್ಕೆ ಮಾತ್ರ ಡ್ರೈವ್. ಅಪ್ಪ ಅಮ್ಮ ಜುಲೈನಲ್ಲಿ ಅಲ್ಲಿಗೆ ಹೋಗುತ್ತಿದ್ದಾರೆ. ಮಲಗುವುದಕ್ಕೆ ಜಾಗ ಇರುವ ಒಂದು ಪುಟ್ಟ ಕ್ಯಾಂಪಿಂಗ್ ಟ್ರೈಲರ್ ಬಾಡಿಗೆಗೆ ತಗೊಂಡು, ಅವರನ್ನೂ ಕೂರಿಸಿಕೊಂಡು ರಾಕಿ ಬೆಟ್ಟಗಳನ್ನು ದಾಟುತ್ತೇನೆ ಅಂತ ಹಠ ಹಿಡಿದಿದ್ದಾನೆ. ಸಾಮಾನು ತುಂಬಿದರೆ ಟ್ರೈಲರ್ 800 ಕೆಜಿ ಆಗುತ್ತಂತೆ. ಕಂಪನಿ ಕೊಟ್ಟಿರುವ ಮಿತಿ 2000 ಪೌಂಡ್, ಅಂದರೆ 907 ಕೆಜಿ.

ಅಪ್ಪ ಲಾರಿ ಓಡಿಸಿದವರು. "ಬ್ಯಾಟರಿ ಗಾಡಿ ಮಧ್ಯ ಘಾಟಿಯಲ್ಲಿ ಕೈಕೊಟ್ಟರೆ ನಾನೂ ನಿಮ್ಮಮ್ಮನೂ ಇಳಿದು ತಳ್ಳಬೇಕಾ?" ಅಂತ ಕೇಳುತ್ತಿದ್ದಾರೆ. ತಮ್ಮ "191 ಎಚ್‌ಪಿ ಇದೆ, ಸುಮ್ನಿರಿ" ಅನ್ನುತ್ತಾನೆ. ಯಾರ ಮಾತು ಸರಿ?

ಸುಮ್ನೆ ಓದುಗ

191 ಎಚ್‌ಪಿಗೆ 800 ಕೆಜಿ ಯಾವ ಲೆಕ್ಕ ಗುರು. ನಮ್ಮೂರಲ್ಲಿ ಓಮ್ನಿಗೆ ಅರ್ಧ ದಿಬ್ಬಣ ತುಂಬಿಸಿ ಮಲೆ ಮಹದೇಶ್ವರ ಬೆಟ್ಟ ಹತ್ತಿಸುತ್ತಾರೆ.

ಗುಂಡ್ಲುಪೇಟೆ ಗೇರು

ನಾನು ಊಟಿ ಟ್ರಿಪ್ ಹೊಡೆಯುವವನು. ಹೈಬ್ರಿಡ್ ಅಂದರೆ ಸಿವಿಟಿ ಗೇರ್‌ಬಾಕ್ಸ್ ಅಲ್ವಾ? ಸಿವಿಟಿ ಅಂದರೆ ಒಂದು, ಎರಡು ಅಂತ ಗೇರಿನ ಹಂತಗಳಿಲ್ಲ, ಬೆಲ್ಟು. ಲೋಡ್ ಹಾಕಿ ಉದ್ದದ ಏರು ಹತ್ತಿಸಿದರೆ ಬೆಲ್ಟು ಬಿಸಿಯಾಗಿ ಜಾರುತ್ತೆ. ಗೂಡಲೂರು ಕಡೆ ಏರಿನಲ್ಲಿ ಇಂಥ ಕಾರುಗಳು ಪಕ್ಕಕ್ಕೆ ಹಾಕಿ ನಿಂತಿರುವುದನ್ನು ನೋಡಿದ್ದೇನೆ. ನಿಮ್ಮಪ್ಪ ಹೇಳೋದು ಸರಿ.

ಬಿಡದಿ ಬೋಲ್ಟು

ಗೇರಣ್ಣ, ಆ ಭಯ ಇಲ್ಲಿ ಬೇಡ. ಹೆಸರು ಇ-ಸಿವಿಟಿ ಅಂತ ಇದ್ದರೂ ಒಳಗೆ ಬೆಲ್ಟೇ ಇಲ್ಲ. ಒಂದು ಪ್ಲಾನೆಟರಿ ಗೇರ್ ಸೆಟ್ (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ತಿರುಗುವಂಥದ್ದು), ಎರಡು ಮೋಟರ್, ಅಷ್ಟೇ. ಇಂಜಿನ್ ಶಕ್ತಿಯಲ್ಲಿ ಒಂದು ಪಾಲು ನೇರವಾಗಿ ಚಕ್ರಕ್ಕೆ ಹೋಗುತ್ತೆ. ಇನ್ನೊಂದು ಪಾಲು ಮೊದಲನೇ ಮೋಟರ್‌ನಲ್ಲಿ ಕರೆಂಟ್ ಆಗಿ, ಎರಡನೇ ಮೋಟರ್ ಮೂಲಕ ಚಕ್ರ ಸೇರುತ್ತೆ. 1997ರಲ್ಲಿ ಜಪಾನ್‌ನಲ್ಲಿ ಟೊಯೋಟಾ ಪ್ರಿಯಸ್ ಬಂದಾಗಿನಿಂದ ಇರುವ ವ್ಯವಸ್ಥೆ. ಫೋರ್ಡ್ 2004ರಲ್ಲೇ ಎಸ್ಕೇಪ್ ಹೈಬ್ರಿಡ್‌ನಲ್ಲಿ ಇಂಥದ್ದನ್ನು ಹಾಕಿತ್ತು. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಇನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲಿ ಇರುವುದೂ ಇದೇ ಜಾತಿಯದು. ಗಟ್ಟಿ ಸಾಮಾನು.

ಆದರೆ ಸವಾರರೇ, ನಿಮ್ಮ ತಮ್ಮ ಹೇಳುವ 191 ಎಚ್‌ಪಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದು ಇಂಜಿನ್ ಮತ್ತು ಬ್ಯಾಟರಿ ಎರಡೂ ಸೇರಿ ಕೊಡುವ ಗರಿಷ್ಠ. 2.5 ಲೀಟರ್ ಇಂಜಿನ್ ಒಂದೇ ಕೊಡುವುದು 162 ಎಚ್‌ಪಿ. ಬ್ಯಾಟರಿ ಬರೀ 1.1 ಯೂನಿಟ್ ಹಿಡಿಯುತ್ತೆ. ಯೂನಿಟ್ ಅಂದರೆ ನಮ್ಮ ಕರೆಂಟ್ ಬಿಲ್‌ನಲ್ಲಿ ಬರುವ ಅದೇ ಯೂನಿಟ್. ಅದರಲ್ಲೂ ಪೂರ್ತಿ ಖಾಲಿ ಮಾಡುವುದಕ್ಕೆ ಕಂಪ್ಯೂಟರ್ ಬಿಡುವುದಿಲ್ಲ. ಅರ್ಧ ಯೂನಿಟ್ ಸಿಕ್ಕಿತು ಅಂದುಕೊಳ್ಳಿ. ಏರಿನಲ್ಲಿ ಮೋಟರ್ 30 ಕಿಲೋವ್ಯಾಟ್ ಎಳೆದರೆ ಅದು ಒಂದೇ ನಿಮಿಷಕ್ಕೆ ಮುಗಿಯಿತು. ಇದು ಮನೆ ಮೇಲಿನ ಟ್ಯಾಂಕ್ ಅಲ್ಲ, ಬಕೆಟ್ಟು. ಓವರ್‌ಟೇಕ್ ಮಾಡುವುದಕ್ಕೆ, ಫ್ಲೈಓವರ್ ಹತ್ತುವುದಕ್ಕೆ ಸಾಕು. ಅರ್ಧ ಗಂಟೆಯ ಏರಿಗೆ ಸಾಲದು.

ಹಾಗಂತ ಗಾಡಿ ನಿಲ್ಲುವುದಿಲ್ಲ. ಇಂಜಿನ್ ಒಂದೇ ಎಳೆಯುತ್ತೆ. ಅದು ಅಟ್ಕಿನ್ಸನ್ ಇಂಜಿನ್, ಅಂದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತೆ. ಎಳೆದುಕೊಂಡ ಗಾಳಿಯಲ್ಲಿ ಸ್ವಲ್ಪ ವಾಪಸ್ ಹೋಗುತ್ತೆ. ಮೈಲೇಜ್ ಚೆನ್ನಾಗಿರುತ್ತೆ, ಕಡಿಮೆ ಸುತ್ತಿನಲ್ಲಿ ದಮ್ಮು ಕಡಿಮೆ. ಹಾಗಾಗಿ ಏರಿನಲ್ಲಿ ಒಂದೇ ಸಮನೆ ಜೋರಾಗಿ ಕೂಗುತ್ತಾ ಹತ್ತುತ್ತೆ. ಅಪ್ಪನಿಗೆ ಮೊದಲೇ ಹೇಳಿಬಿಡಿ. ಲಾರಿ ಓಡಿಸಿದವರ ಕಿವಿಗೆ ಗೇರ್ ಬದಲಾಗದೆ ಕೂಗುವ ಇಂಜಿನ್ ಸಹಿಸುವುದಿಲ್ಲ.

ಸರಸ್ವತಿಪುರಂ ಸವಾರ

ಬೋಲ್ಟು ಸರ್, ಧನ್ಯವಾದ. ಅಂದರೆ ಹತ್ತುತ್ತೆ ಅಂತಾಯ್ತು. ಎಷ್ಟು ಸ್ಪೀಡಿನಲ್ಲಿ? ಅವನು ಹೋಗುವುದು ಐ-70 ಹೆದ್ದಾರಿ. ಐಸೆನ್‌ಹೋವರ್ ಸುರಂಗ ದಾಟಬೇಕು.

ಬಿಡದಿ ಬೋಲ್ಟು

ಲೆಕ್ಕ ಹಾಕೋಣ. ಗಾಡಿ ಸುಮಾರು 1670 ಕೆಜಿ. ಮೂರು ಜನ, ಬ್ಯಾಗು ಸೇರಿ 270. ಟ್ರೈಲರ್ 800. ಒಟ್ಟು ಹೆಚ್ಚುಕಡಿಮೆ 2750 ಕೆಜಿ. ಆ ದಾರಿಯಲ್ಲಿ ಕಡಿದಾದ ಕಡೆ ಏರು 7%, ಅಂದರೆ 100 ಮೀಟರ್ ಹೋದರೆ 7 ಮೀಟರ್ ಮೇಲೆ.

ಗಂಟೆಗೆ 72 ಕಿಮೀ ಸ್ಪೀಡಿನಲ್ಲಿ ಬರೀ ತೂಕ ಮೇಲೆತ್ತುವುದಕ್ಕೆ 38 ಕಿಲೋವ್ಯಾಟ್ ಬೇಕು. ಟೈರು, ಗಾಳಿ ಸೇರಿಸಿದರೆ ಅಂದಾಜು 50. ಗಂಟೆಗೆ 100 ಕಿಮೀ ಅಂದರೆ ಅದೇ ಅಂಕಿ 80ಕ್ಕೆ ಹೋಗುತ್ತೆ.

ಈಗ ಇಂಜಿನ್ ಕಡೆ ನೋಡಿ. 162 ಎಚ್‌ಪಿ ಅಂದರೆ 121 ಕಿಲೋವ್ಯಾಟ್. ಅದು ಸಮುದ್ರಮಟ್ಟದ ಮಾತು. ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲದ ಇಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತೆ. ಆ ಸುರಂಗ ಇರುವುದು 3401 ಮೀಟರ್ ಎತ್ತರದಲ್ಲಿ. ಊಟಿಯ ದೊಡ್ಡಬೆಟ್ಟದ ತುದಿ 2637. ಅದಕ್ಕಿಂತ 750 ಮೀಟರಿಗೂ ಮೇಲೆ! ಅಲ್ಲಿ ಇಂಜಿನ್ ಹತ್ತಿರ ಉಳಿದಿರುವುದು 80 ಕಿಲೋವ್ಯಾಟ್, ಅದೂ ಪೂರ್ತಿ ಸುತ್ತಿನಲ್ಲಿ.

ಹಾಗಾಗಿ 70ರಲ್ಲಿ ಹೋದರೆ ಉಸಿರು ಉಳಿದಿರುತ್ತೆ. 100ರಲ್ಲಿ ಹೋಗುತ್ತೇನೆ ಅಂದರೆ ಆಗದ ಮಾತು. ಪೆಡಲ್ ನೆಲಕ್ಕೆ ಒತ್ತಿದರೂ ಸ್ಪೀಡ್ ತಾನಾಗಿ ಇಳಿಯುತ್ತೆ.

ಕಬ್ಬಿನಗದ್ದೆ

ನಮ್ಮದು ಪಾಂಡವಪುರ ಕಡೆ. ಹೈಬ್ರಿಡ್ ಗೊತ್ತಿಲ್ಲ, ಟ್ರೈಲರ್ ಗೊತ್ತು. ಇಷ್ಟು ಹೊತ್ತಿನಿಂದ ಎಲ್ಲರೂ ಇಂಜಿನ್ ಬಗ್ಗೆನೇ ಮಾತಾಡುತ್ತಿದ್ದೀರಿ. ತೂಕ ಎಲ್ಲಿ ಕೂತಿದೆ ಅಂತ ಒಬ್ಬರೂ ಕೇಳಲಿಲ್ಲ.

ಕಬ್ಬಿನ ಲೋಡ್ ಕಟ್ಟಿಕೊಂಡು ನಾಲೆ ಏರಿ ಹತ್ತಿಸುವುದನ್ನು ನೋಡಿದ್ದೀರಾ? ಟ್ರೈಲರ್ ಭಾರ ಕೊಂಡಿಯ ಮೇಲೆ ಬಿದ್ದು ಟ್ರ್ಯಾಕ್ಟರ್‌ನ ಮುಂದಿನ ಚಕ್ರ ಮೇಲೇಳುತ್ತೆ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಹುಡುಗರು ಓಡಿಬಂದು ಬಾನೆಟ್ ಮೇಲೆ ಹತ್ತಿ ಕೂರುತ್ತಾರೆ. ತಪ್ಪು, ಹಾಗೆ ಮಾಡಬಾರದು, ಆದರೂ ಮಾಡುತ್ತಾರೆ.

ಟ್ರ್ಯಾಕ್ಟರ್‌ಗೆ ಹಿಂದಿನ ಚಕ್ರ ಎಳೆಯುತ್ತೆ, ಆದ್ದರಿಂದ ಮುಂದೆ ಎದ್ದರೂ ಹತ್ತುತ್ತೆ. ನಿಮ್ಮ ತಮ್ಮನ ಗಾಡಿಗೆ ಎಳೆಯುವುದೇ ಮುಂದಿನ ಚಕ್ರ. ಏರಿನಲ್ಲಿ ತೂಕ ಹಿಂದಕ್ಕೆ ಸರಿಯುತ್ತೆ, ಮೇಲೆ ಕೊಂಡಿ ಭಾರ ಬೇರೆ ಹಿಂದುಗಡೆ ಒತ್ತುತ್ತೆ, ಮುಂದೆ ಹಗುರ ಆಗುತ್ತೆ. ಟಾರು ರಸ್ತೆಯಲ್ಲಿ ಗೊತ್ತಾಗಲ್ಲ. ಮಳೆ ಬಂದು ಒದ್ದೆಯಾದಾಗ, ಇಲ್ಲಾ ಜಲ್ಲಿ ಹಾದಿಯಲ್ಲಿ ನಿಂತು ಹೊರಡುವಾಗ ಚಕ್ರ ಸುಮ್ನೆ ಸುತ್ತುತ್ತೆ.

ಹಾಗಂತ ಕೊಂಡಿ ಭಾರ ಕಡಿಮೆ ಮಾಡೋಣ ಅಂತ ಸಾಮಾನೆಲ್ಲ ಟ್ರೈಲರ್ ಹಿಂಭಾಗಕ್ಕೆ ತುಂಬಿದರೆ ಇನ್ನೂ ಕೆಟ್ಟದ್ದು. ಬಾಲ ಅಲ್ಲಾಡಿಸುವುದಕ್ಕೆ ಶುರು ಮಾಡಿದರೆ ಗಾಡಿಯನ್ನೂ ಎಳೆದುಕೊಂಡು ಹೋಗುತ್ತೆ.

ಬಿಡದಿ ಬೋಲ್ಟು

ಗದ್ದೆಯಣ್ಣ ಹೇಳಿದ್ದು ನೂರಕ್ಕೆ ನೂರು. ಅಮೆರಿಕದಲ್ಲಿ ಈ ತರಹದ ಟ್ರೈಲರ್‌ಗೆ ಹೇಳುವ ಲೆಕ್ಕ, ಟ್ರೈಲರ್ ತೂಕದ 10ರಿಂದ 15% ಕೊಂಡಿಯ ಮೇಲಿರಬೇಕು. 800 ಕೆಜಿಗೆ 80ರಿಂದ 120 ಕೆಜಿ. ಆ ಭಾರ ಗಾಡಿ ಹೊರುವ ತೂಕದ ಲೆಕ್ಕಕ್ಕೂ ಸೇರುತ್ತೆ. ಬಾಲ ಅಲ್ಲಾಡಿದರೆ ಗಾಡಿಯ ಬ್ರೇಕ್ ಜೋರಾಗಿ ಒತ್ತಬಾರದು. ಸ್ಟೇರಿಂಗ್ ನೇರ ಹಿಡಿದು, ಕಾಲು ಎತ್ತಿ, ನಿಧಾನಕ್ಕೆ ಸ್ಪೀಡ್ ಇಳಿಯಲು ಬಿಡಬೇಕು.

ವಿಜಯನಗರ ವಿಜಿ

ಇಳಿಯುವ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ನಮ್ಮನೆಯಲ್ಲೂ ಹೈಬ್ರಿಡ್ ಎಸ್‌ಯುವಿ ಇದೆ. ಚಾಮುಂಡಿ ಬೆಟ್ಟ ಇಳಿಯುವಾಗ ಮೊದಲು ತುಂಬಾ ಖುಷಿ. ಇಂಜಿನ್ ಆಫ್, ಸದ್ದೇ ಇಲ್ಲ, ಬ್ಯಾಟರಿ ಗೆರೆಗಳು ಒಂದೊಂದೇ ತುಂಬುತ್ತಾ ಹೋಗುತ್ತವೆ. ಅರ್ಧ ದಾರಿಗೆ ಬಂದಾಗ ಇದ್ದಕ್ಕಿದ್ದ ಹಾಗೆ ಇಂಜಿನ್ ಎದ್ದು ಗುರ್ ಅನ್ನುತ್ತೆ, ನಾನು ಆಕ್ಸಿಲರೇಟರ್ ಮುಟ್ಟಿರುವುದೇ ಇಲ್ಲ. ಕೆಟ್ಟಿದೆ ಅಂದುಕೊಂಡು ಸರ್ವೀಸ್‌ಗೆ ಬಿಟ್ಟೆ. ಅವರು ತೊಳೆದು ವಾಪಸ್ ಕೊಟ್ಟರು. ಯಾಕೆ ಅಂತ ಈವರೆಗೂ ಯಾರೂ ಬಿಡಿಸಿ ಹೇಳಿಲ್ಲ.

ಬಿಡದಿ ಬೋಲ್ಟು

ವಿಜಿ ಮೇಡಂ, ಈ ಚರ್ಚೆಯಲ್ಲಿ ಇದೇ ಮುಖ್ಯ ಪ್ರಶ್ನೆ. ನಿಮ್ಮ ಗಾಡಿ ಕೆಟ್ಟಿಲ್ಲ. ಬ್ಯಾಟರಿ ತುಂಬಿತು, ಅಷ್ಟೇ.

ಇಳಿಯುವಾಗ ಮೋಟರ್ ಡೈನಮೋ ಆಗಿ ಗಾಡಿಯನ್ನು ಹಿಡಿದು, ಆ ಶಕ್ತಿಯನ್ನು ಬ್ಯಾಟರಿಗೆ ಹಾಕುತ್ತೆ. ಬ್ಯಾಟರಿಯಲ್ಲಿ ಜಾಗ ಮುಗಿದರೆ ಆ ಶಕ್ತಿ ಎಲ್ಲಿಗೆ ಹೋಗಬೇಕು? ಆಗ ಪೆಟ್ರೋಲ್ ಹಾಕದೆ ಇಂಜಿನ್ ತಿರುಗಿಸಿ, ಗಾಳಿ ಒತ್ತುವುದರಲ್ಲಿ ಅದನ್ನು ಸುಟ್ಟು ಹಾಕುತ್ತೆ. ನೀವು ಕೇಳುವ ಗುರ್ ಸದ್ದು ಅದೇ. ನಿಮ್ಮನ್ನು ಹಿಡಿದು ನಿಲ್ಲಿಸುತ್ತಿರುವ ಸದ್ದು.

ಚಾಮುಂಡಿ ಬೆಟ್ಟ ಊರಿಗಿಂತ 300 ಮೀಟರ್ ಎತ್ತರ ಅಷ್ಟೇ. ಈಗ ಸವಾರರ ತಮ್ಮನ ಲೆಕ್ಕ ನೋಡಿ. 2750 ಕೆಜಿ ಪ್ರತಿ 100 ಮೀಟರ್ ಇಳಿದರೆ ಮುಕ್ಕಾಲು ಯೂನಿಟ್ ಶಕ್ತಿ ಹೊರಗೆ ಬರುತ್ತೆ. ಸುರಂಗದಿಂದ ಡೆನ್ವರ್ 1609 ಮೀಟರಿಗೆ ಇಳಿಯುವಷ್ಟರಲ್ಲಿ ಒಟ್ಟು 13 ಯೂನಿಟ್ ಮೇಲಾಯಿತು. ಬ್ಯಾಟರಿ ಹಿಡಿಯುವುದು 1.1. ಟೈರು, ಗಾಳಿ ಒಂದಿಷ್ಟು ತಿಂದರೂ ಉಳಿದದ್ದೆಲ್ಲ ಇಂಜಿನ್ ಬ್ರೇಕಿಂಗ್ ಮತ್ತು ಬ್ರೇಕ್ ಪ್ಯಾಡ್ ಮೇಲೆ ಬೀಳುತ್ತೆ. ಟ್ರೈಲರ್‌ಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಪೂರ್ತಿ ಪಿಕಪ್‌ನ ಪ್ಯಾಡ್ ಮೇಲೆ.

ಹೈಬ್ರಿಡ್‌ನಲ್ಲಿ ಮೋಸ ಆಗುವುದು ಇಲ್ಲೇ. ಮೊದಲ ಒಂದೆರಡು ಕಿಲೋಮೀಟರ್ ಗಾಡಿ ಎಷ್ಟು ಚೆನ್ನಾಗಿ ಹಿಡಿಯುತ್ತೆ ಅಂದರೆ, ಕೊನೆಯವರೆಗೂ ಹೀಗೇ ಅಂದುಕೊಳ್ಳುತ್ತೇವೆ. ಮ್ಯಾವರಿಕ್‌ನಲ್ಲಿ ಟೋ/ಹಾಲ್ ಅಂತ ಭಾರ ಎಳೆಯುವಾಗ ಹಾಕುವ ಒಂದು ಮೋಡ್ ಇದೆ, ಗೇರ್ ಗುಂಡಿಯಲ್ಲಿ ಇಳಿಜಾರಿನಲ್ಲಿ ಗಾಡಿ ಹಿಡಿಯುವ ಎಲ್ (ಲೋ) ಇದೆ. ಇಳಿಜಾರು ಶುರುವಾಗುವ ಮೊದಲೇ ಅದಕ್ಕೆ ಹಾಕಬೇಕು, ಬ್ಯಾಟರಿ ತುಂಬಿದ ಮೇಲಲ್ಲ.

ಗುಂಡ್ಲುಪೇಟೆ ಗೇರು

ಬೆಲ್ಟಿನ ವಿಷಯ ಒಪ್ಪಿದೆ ಬೋಲ್ಟು. ಇಳಿಯುವ ವಿಷಯದಲ್ಲಿ ನನ್ನದೂ ಒಂದು ಮಾತು.

ಮಸಿನಗುಡಿ ಮೇಲಿನ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ಅಲ್ಲಿ ಹತ್ತುವಾಗ ಕೆಟ್ಟು ನಿಂತವರು ಬಾನೆಟ್ ತೆಗೆದು, ನೀರು ಕುಡಿದು ಮನೆಗೆ ಹೋಗುತ್ತಾರೆ. ಅಪಾಯ ಇರುವುದು ಇಳಿಯುವವರಿಗೆ. ಮುಂದಿನ ಗಾಡಿಯ ಬ್ರೇಕು ಕಾದಿದ್ದರೆ ನಮಗೆ ಹಿಂದಿನಿಂದಲೇ ವಾಸನೆ ಬರುತ್ತೆ. ಸುಟ್ಟ ರಬ್ಬರೂ ಅಲ್ಲ, ಸುಟ್ಟ ವೈರೂ ಅಲ್ಲ, ಗಂಟಲಿಗೆ ಹಿಡಿಯುವ ಒಂದು ಘಾಟು. ಆಮೇಲೆ ಚಕ್ರದ ಡಿಸ್ಕ್ ಹತ್ತಿರ ತೆಳ್ಳಗೆ ನೀಲಿ ಹೊಗೆ. ಆ ಹೊತ್ತಿಗೆ ಪೆಡಲ್ ಮೆತ್ತಗಾಗಿರುತ್ತೆ. ನೀರು ಸುರಿಯಬಾರದು, ಡಿಸ್ಕ್ ಸೊಟ್ಟ ಆಗುತ್ತೆ. ಪಕ್ಕಕ್ಕೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ತಾನಾಗಿ ಆರುವವರೆಗೆ ಕಾಯಬೇಕು. ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ.

ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇರಬಾರದು. ಒಮ್ಮೆ ಗಟ್ಟಿಯಾಗಿ ಒತ್ತಿ ಸ್ಪೀಡ್ ಇಳಿಸಿ, ಪೂರ್ತಿ ಬಿಡಿ. ಮತ್ತೆ ಏರಿದಾಗ ಮತ್ತೆ ಒತ್ತಿ.

ಹಳೇ ಸ್ಪ್ಯಾನರ್

ಇಂಥ ಗಾಡಿ ನಮ್ಮಲ್ಲಿ ಯಾಕೆ ಇಲ್ಲ? ಇಲ್ಲಿರುವ ಪಿಕಪ್ ಹಿಲಕ್ಸ್, ವಿ-ಕ್ರಾಸ್ ಎರಡೂ ದೊಡ್ಡವು, ಎರಡೂ ಡೀಸೆಲ್. ಮಂಡ್ಯ ಕಡೆ ತೋಟಕ್ಕೆ ಹೋಗಿಬರುವವರಿಗೆ ಸಣ್ಣ ಹೈಬ್ರಿಡ್ ಪಿಕಪ್ ಬಂದಿದ್ದರೆ ಕ್ಯೂ ನಿಲ್ಲುತ್ತಿದ್ದರು.

ಸುಮ್ನೆ ಓದುಗ

2021ರ ಜೂನ್‌ನಲ್ಲಿ ಫೋರ್ಡ್ ಮ್ಯಾವರಿಕ್ ತೋರಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇಂಡಿಯಾದಲ್ಲಿ ಕಾರು ತಯಾರಿಕೆ ನಿಲ್ಲಿಸುತ್ತೇವೆ ಅಂತ ಹೇಳಿತು. ನಮ್ಮ ಹಣೆಬರಹ.

ಹಳೇ ಸ್ಪ್ಯಾನರ್

ಬಂದಿದ್ದರೂ ಇಲ್ಲಿ ಕಾರಿಗೆ ಟ್ರೈಲರ್ ಕಟ್ಟುವುದು ಯಾರಿಗೆ ಬೇಕು ಬಿಡಿ. ಟ್ರೈಲರ್‌ಗೂ ಬೇರೆ ರಿಜಿಸ್ಟ್ರೇಷನ್ ಮಾಡಿಸಿ ಆರ್‌ಟಿಒ ಸುತ್ತಬೇಕು.

ನಿರ್ವಾಹಕ

ಪಿಕಪ್ ಯಾಕೆ ಬರಲಿಲ್ಲ ಅನ್ನುವುದಕ್ಕೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಬೆಟ್ಟ ಹತ್ತೋಣ.

ಡೆನ್ವರ್ ದೂರ

ತಡವಾಗಿ ನೋಡಿದೆ. ನಾನು ಕೆ.ಆರ್. ಪೇಟೆಯವನು, ಈಗ ಡೆನ್ವರ್ ಪಕ್ಕದಲ್ಲೇ ಇದ್ದೇನೆ. ಐ-70 ಬಗ್ಗೆ ಕಣ್ಣಾರೆ ಕಂಡದ್ದು ಹೇಳುತ್ತೇನೆ.

ನಿಧಾನಕ್ಕೆ ಹೋಗುವುದಕ್ಕೆ ನಾಚಿಕೆ ಬೇಡ. ಬಲಗಡೆ ಲೇನ್‌ನಲ್ಲಿ ಲಾರಿಗಳು ಹಜಾರ್ಡ್ ಲೈಟ್ ಹಾಕಿಕೊಂಡು ತೆವಳುತ್ತಿರುತ್ತವೆ, ಅವುಗಳ ಹಿಂದೆ ಸೇರಿಕೊಂಡರಾಯಿತು. ಇಳಿಜಾರಿನಲ್ಲಿ ಬ್ರೇಕ್ ಹೋದ ಲಾರಿಗಳಿಗೆ ಅಂತಲೇ ರಸ್ತೆ ಪಕ್ಕ ಜಲ್ಲಿ ತುಂಬಿದ ಏರುದಾರಿಗಳನ್ನು ಮಾಡಿದ್ದಾರೆ. ಅವನ್ನು ನೋಡಿದರೆ ಸಾಕು, ಕಾಲು ತಾನಾಗಿ ಹಗುರಾಗುತ್ತೆ. ಜುಲೈನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಬೆಳಗ್ಗೆ ಬೇಗ ದಾಟುವುದು ಒಳ್ಳೆಯದು.

ಆದರೆ ನಾನು ಹೇಳಬೇಕೆಂದಿದ್ದು ಬೇರೆ. 2000 ಪೌಂಡ್ ಅನ್ನುವ ಅಂಕಿಯನ್ನು ನಿಮ್ಮ ತಮ್ಮ ಒಂದೇ ಗೆರೆಯಲ್ಲಿ ಓದುತ್ತಿದ್ದಾನೆ. ಇಲ್ಲಿ ಎಳೆಯುವ ತೂಕಕ್ಕೆ ಎಸ್‌ಎಇ ಜೆ2807 ಅಂತ ವಾಹನ ಇಂಜಿನಿಯರುಗಳ ಸಂಘದ ಒಂದು ಪರೀಕ್ಷೆ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಏರಿನಲ್ಲಿ, ಸುಡುಬಿಸಿಲಿನಲ್ಲಿ, ಎಸಿ ಪೂರ್ತಿ ಹಾಕಿ, ಸುಮಾರು 18 ಕಿಮೀ ಹತ್ತಬೇಕು. ಇಂಥ ಗಾಡಿ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯಬಾರದು. ಕಷ್ಟದ ಪರೀಕ್ಷೆಯೇ. ಆದರೆ ಆ ಏರಿನ ತುದಿ ಸುಮಾರು 1070 ಮೀಟರ್, ಹೆಚ್ಚುಕಡಿಮೆ ನಮ್ಮ ಚಾಮುಂಡಿ ಬೆಟ್ಟದಷ್ಟು. ತೆಳು ಗಾಳಿಯ ಪರೀಕ್ಷೆ ಅಲ್ಲ ಅದು. ಗಾಡಿಯಲ್ಲಿ ಎರಡು ಜನರ ತೂಕ ಅಂತ ಇಟ್ಟುಕೊಂಡಿರುತ್ತಾರೆ, ಮೂರಲ್ಲ.

ಫೋರ್ಡ್‌ನ ಟೋವಿಂಗ್ ಗೈಡ್‌ನಲ್ಲೇ ಬರೆದಿದೆ: 1000 ಅಡಿಯಿಂದ ಮೇಲಕ್ಕೆ ಪ್ರತಿ 1000 ಅಡಿಗೆ ಗಾಡಿ ಮತ್ತು ಟ್ರೈಲರ್ ಸೇರಿದ ಒಟ್ಟು ತೂಕವನ್ನು 2% ಇಳಿಸಿ. ಸುರಂಗ ಇರುವುದು 11,158 ಅಡಿಯಲ್ಲಿ.

ಬಿಡದಿ ಬೋಲ್ಟು

ಹಾಗಾದರೆ 20% ಇಳಿಯಿತು. ಕೆಆರ್ ಪೇಟೆ ಅಣ್ಣ, ಒಳ್ಳೆ ಕಡೆ ಕೈ ಇಟ್ಟಿರಿ.

ಗಾಡಿ 1670, ಎರಡು ಜನ 140, ಟ್ರೈಲರ್ 907. ಒಟ್ಟು ಮಿತಿ 2720 ಆಸುಪಾಸು ಅಂತ ಹಿಡಿಯೋಣ. ನಿಖರ ಅಂಕಿಯನ್ನು ಅವನು ತನ್ನ ಗಾಡಿಯ ಪುಸ್ತಕದಲ್ಲೇ ನೋಡಲಿ. ಅದರಲ್ಲಿ 20% ಕಳೆದರೆ 2175. ಗಾಡಿ, ಮೂರು ಜನ, ಬ್ಯಾಗು ಸೇರಿ 1940. ಟ್ರೈಲರ್‌ಗೆ ಉಳಿದದ್ದು 235 ಕೆಜಿ. ಅವನು ಕಟ್ಟಬೇಕೆಂದಿರುವುದು 800.

ಸುಮ್ನೆ ಓದುಗ

ನೀವೇ ಮೇಲೆ 70ರಲ್ಲಿ ಆರಾಮಾಗಿ ಹತ್ತುತ್ತೆ ಅಂತ ಲೆಕ್ಕ ಕೊಟ್ಟಿರಿ. ಈಗ ನೀವೇ ಆಗಲ್ಲ ಅನ್ನುತ್ತೀರಿ. ಕಂಪನಿಯವರು ಕೋರ್ಟಿಗೆ ಹೆದರಿ ಯಾವಾಗಲೂ ಕಡಿಮೆ ಬರೆಯುತ್ತಾರೆ ಸರ್. ಎಷ್ಟೋ ಜನ ಇದಕ್ಕಿಂತ ಜಾಸ್ತಿ ಎಳೆಯುತ್ತಿರುತ್ತಾರೆ.

ಬಿಡದಿ ಬೋಲ್ಟು

ಹತ್ತುತ್ತೆ ಅಂತ ಈಗಲೂ ಹೇಳುತ್ತೇನೆ. ಆ ಅಂಕಿ ಬರೀ ಹತ್ತುವುದಕ್ಕಲ್ಲ ಗುರು. ಇಂಜಿನ್ ಕೂಲಿಂಗ್, ಬ್ರೇಕು, ಕೊಂಡಿ, ಜಾಮ್‌ನಲ್ಲಿ ನಿಂತು ಮತ್ತೆ ಹೊರಡುವುದು, ಎಲ್ಲ ಸೇರಿ ಒಂದು ಅಂಕಿ. ತೆಳು ಗಾಳಿಯಲ್ಲಿ ರೇಡಿಯೇಟರ್ ಕೂಡ ಅಷ್ಟು ಚೆನ್ನಾಗಿ ಆರಿಸುವುದಿಲ್ಲ. ನಾನು ಒಬ್ಬನೇ ಓಡಿಸುವಾಗ ಸ್ವಲ್ಪ ಅತ್ತಿತ್ತ ಮಾಡಬಹುದೇನೋ. ಹಿಂದೆ ಅಪ್ಪ ಅಮ್ಮ ಕೂತಿರುವಾಗ ಮಿತಿಯ ಮೂರು ಪಟ್ಟು ಕಟ್ಟಲ್ಲ.

ಇನ್ನೂ ಒಂದು ಇದೆ, ಇದನ್ನು ಹೈಬ್ರಿಡ್ ಮಾರುವವರು ಹೇಳುವುದಿಲ್ಲ. ಈ ಗಾಡಿಗಳಲ್ಲಿ ರಿವರ್ಸ್ ಗೇರ್ ಅಂತ ಹಲ್ಲಿನ ಗೇರ್ ಇಲ್ಲ. ಎರಡನೇ ಮೋಟರ್ ಉಲ್ಟಾ ತಿರುಗುತ್ತೆ, ಅಷ್ಟೇ. ಇಂಜಿನ್ ಸಹಾಯ ಚಕ್ರಕ್ಕೆ ಸಿಗುವುದಿಲ್ಲ. ಬೆಟ್ಟದ ಕ್ಯಾಂಪಿಂಗ್ ಜಾಗದಲ್ಲಿ ಟ್ರೈಲರನ್ನು ಏರಿನ ಕಡೆಗೆ ಹಿಂದಕ್ಕೆ ತಳ್ಳಬೇಕಾಗಿ ಬಂದರೆ ಅಲ್ಲಿ ಸುಸ್ತಾಗುತ್ತೆ. ಹಾಗೇ ಏರಿನಲ್ಲಿ ಜಾಮ್ ಆದಾಗ ಆಕ್ಸಿಲರೇಟರ್ ಒತ್ತಿಕೊಂಡು ಗಾಡಿ ಹಿಡಿದು ನಿಲ್ಲಬಾರದು. ತಿರುಗದ ಮೋಟರ್‌ಗೆ ಕರೆಂಟ್ ಹರಿದು ಕಾಯುತ್ತೆ. ಬ್ರೇಕ್ ಒತ್ತಿ ನಿಲ್ಲಬೇಕು. ವಿಜಿ ಮೇಡಂ, ಭಾನುವಾರದ ಚಾಮುಂಡಿ ಬೆಟ್ಟಕ್ಕೂ ಇದೇ ಮಾತು.

ವಿಜಯನಗರ ವಿಜಿ

ಅಯ್ಯೋ, ನಾನು ಅದನ್ನೇ ಮಾಡುತ್ತೇನೆ! ಇನ್ನು ಬ್ರೇಕ್.

ಸರಸ್ವತಿಪುರಂ ಸವಾರ

ಎಲ್ಲವನ್ನೂ ತಮ್ಮನಿಗೆ ಕಳಿಸಿದೆ. ಮೊದಲು ಸಿಟ್ಟು ಬಂತು. ಆಮೇಲೆ ಗಾಡಿಯ ಪುಸ್ತಕ ತೆಗೆದು ತಾನೇ ಲೆಕ್ಕ ಹಾಕಿದ. ಸಂಜೆ ಫೋನ್ ಮಾಡಿ "ಕ್ಯಾಂಪಿಂಗ್ ಟ್ರೈಲರ್ ಕ್ಯಾನ್ಸಲ್ ಮಾಡಿದೆ" ಅಂದ. ಈಗ ಟೆಂಟು, ಸ್ಟೌವು, ಕುರ್ಚಿ ಇಷ್ಟಕ್ಕೆ ಒಂದು ಸಣ್ಣ ಓಪನ್ ಟ್ರೈಲರ್, ತುಂಬಿದರೂ 230 ಕೆಜಿ ಒಳಗೆ ಅನ್ನುತ್ತಿದ್ದಾನೆ. ಅಮ್ಮ ಟೆಂಟಿನಲ್ಲಿ ಮಲಗುವುದಿಲ್ಲವಂತೆ. ಒಂದು ರಾತ್ರಿಗೆ ರೂಮು, ಒಂದು ರಾತ್ರಿಗೆ ಟೆಂಟು ಅಂತ ರಾಜಿ ಆಗಿದೆ. ಅಪ್ಪ "ನಾನು ಮೊದಲೇ ಹೇಳಿದ್ದೆ" ಅಂತ ಬೀಗುತ್ತಿದ್ದಾರೆ. ಅವರು ಹೇಳಿದ್ದು ಬ್ಯಾಟರಿ ಬಗ್ಗೆ, ಅದು ಬೇರೆ ಮಾತು.

ಒಂದು ಕೊನೆ ಪ್ರಶ್ನೆ. ಈ ಟ್ರೈಲರ್‌ಗೆ ವೈರಿನ ಕನೆಕ್ಟರ್ ನಾಲ್ಕು ಪಿನ್ ಇದೆಯಂತೆ. ಸಾಕಾ?

ಡೆನ್ವರ್ ದೂರ

230 ಕೆಜಿಗೆ ಸಾಕು. ನಾಲ್ಕು ಪಿನ್‌ನಲ್ಲಿ ಬರೀ ಲೈಟು, ಇಂಡಿಕೇಟರ್. ಟ್ರೈಲರ್‌ಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದಾಗ ಏಳು ಪಿನ್ ಬೇಕಾಗುತ್ತೆ. ಕಟ್ಟಿದ ಮೇಲೆ ಬ್ರೇಕ್ ಲೈಟ್ ಉರಿಯುತ್ತಿದೆಯಾ ಅಂತ ಹಿಂದೆ ನಿಂತು ಒಬ್ಬರು ನೋಡಲಿ. ಸರಪಳಿ ಎರಡನ್ನೂ ಕೊಂಡಿ ಕೆಳಗೆ ಅಡ್ಡಡ್ಡ ಹಾಕಬೇಕು. ಆಗ ಕೊಂಡಿ ಬಿಟ್ಟರೂ ಮೂತಿ ನೆಲಕ್ಕೆ ಬೀಳುವುದಿಲ್ಲ.

ಕಬ್ಬಿನಗದ್ದೆ

ಬಾಡಿಗೆ ಟ್ರೈಲರ್ ಅಂದರೆ ಟೈರಿನ ಗಾಳಿ ಅವನೇ ಚೆಕ್ ಮಾಡಲಿ, ಕೊಟ್ಟವರ ಮಾತು ನಂಬುವುದು ಬೇಡ. ಹೊರಟು ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕು. ಆ ಕೆಲಸ ಅಪ್ಪನಿಗೆ ಕೊಡಿ, ಖುಷಿಯಾಗಿ ಮಾಡುತ್ತಾರೆ.